ಹಿಂಬದಿ ತೋರಸ್ರಿ

ರಾತ್ರಿ ಹನ್ನೊಂದೂವರಿಗೆ ಹೊರಗ ಬಂದೆ.
ಒಂಬೈನೂರ ಎಂಬತ್ತು ಮಂದಿಯ ಕಸೂತಿ ಬಳಗ.
ಬಾಗಿಲ ಸಪ್ಪಳಾನೂ ಆಗಲಿಲ್ಲ;
ಬಿಟ್ಟು ಹೋದವರ ಹೆಸರು ಈಗ
ಅಡ್ಮಿನ್‌ಗಷ್ಟೇ ಕಾಣತೈತಂತ.
ನಾ ಹೋದ ಬೆನ್ನಿಗೇ ಯಾರೋ ಇಳಕಲ್ ಸೀರಿಯ ರೇಟು ಹಾಕಿದರಂತ,
ಅದರ ಕೆಳಗ ಗುಲಾಬಿ, ಶುಭರಾತ್ರಿ,
ಮತ್ತ ಗುಲಾಬಿ.

ಜಗಳ ಏನಿರಲಿಲ್ಲ.
ಮೂರು ವಾರ ಎಳಿ ಎಣಿಸಿ ಕೂರಿಸಿದ ಆನಿ ಹಾಕಿದ್ದೆ.
ಅರ್ಧ ತಾಸಿನಾಗ
ಯಾರದೋ ಮೊಮ್ಮಗನ ಜಾವಳ, ಕೊರಿಯರ್ ನಂಬರು,
ಮಂಡಿನೋವಿಗೆ ಎಕ್ಕಿ ಎಲಿ.
ಆನಿ ಮ್ಯಾಲಕ್ಕ ಸರೀತಾ ಸರೀತಾ ಮುಳುಗಿತು.
ಮ್ಯಾಲಕ್ಕ ಮುಳುಗೋದು ನಾ ಕಂಡಿರಲಿಲ್ಲ.
ಕೆಳಗ ಮುಳುಗಿದ್ದು ಕಂಡೀನಿ.

ಕಿಲ್ಲಾ ಗಲ್ಲಿಗೆ ಹಿನ್ನೀರು ಬರೂ ಮೊದಲ
ಅಪ್ಪ ಬಾಗಿಲ ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿದ.
ನವನಗರದ ಗ್ವಾಡಿಗೆ ಅದು ಒಂದು ಗೇಣು ಎತ್ತರ.
ಕೊಯ್ಸಲಿಕ್ಕೆ ಅಪ್ಪ ಒಪ್ಪಲಿಲ್ಲ.
ಎರಡು ವರ್ಷ ಹಿತ್ತಲದಾಗ ನಿಂತಿತ್ತು
ಗ್ವಾಡಿ ಇಲ್ಲದ ಬಾಗಿಲು.
ನಾನೂ ತಮ್ಮನೂ ಅದರೊಳಗ ಹಾದು ಹಾದು
ಊರಿಗೆ ಹೋಗೂ ಆಟ ಆಡತಿದ್ದಿವಿ.
ಅವ್ವ ಮಾತ್ರ ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ.
ಬೆಳತನಕ ಒಂದೇ ಮಾತು:
‘ಫ್ಯಾಕ್ಟರಿ ಭೋಂಗಾ ಕೇಳಸವಲ್ದು.’
ಊರಾಗಿದ್ದಾಗ ದಿನಾ ಬೈಯತಿದ್ದಳು ಅದಕ್ಕ.

ನನಗೂ ಹಂಗ ಆತು.
ಬಿಟ್ಟ ಮೂರು ದಿನ
ಫೋನು ಒಲಿ ಆರಿದ ಕಲ್ಲಿನಂಗ ಬಿದ್ದಿತ್ತು.
ರೊಟ್ಟಿ ಬಡಿಯೂ ಕೈ ಹಿಟ್ಟು ಒರೆಸಿಕೊಂಡು
ತಾನ ಹೋಗಿ ಮುಟ್ಟಿ ಬರತಿತ್ತು.
ಎಕ್ಕಿ ಎಲಿ ಬಿಸಿ ಮಾಡಬೇಕೋ, ಹಂಗ ಕಟ್ಟಬೇಕೋ
ಓದದ ಬಿಟ್ಟೆನಲ್ಲ ಅಂತ ಒಂಥರಾ ಆತು.

ನಾಕನೇ ದಿನ ಕಲಾದಗಿಯ ಮಾಲನಬಿ ಕರದಳು.
‘ಹನ್ನೊಂದು ಮಂದಿ ಅದೀವಿ. ಬರತೀಯೇನು?’

ಹೋದೆ. ಚಪ್ಪಲಿ ಬಿಡಲೋ ಬ್ಯಾಡೋ ಅನ್ನುವಂಗ ನಿಂತೆ.
ಮೂರು ಗುಲಾಬಿ ಒತ್ತಿ, ಅಳಿಸಿ,
ನಮಸ್ಕಾರ ಅಂತ ಬರದು,
ಅದನ್ನೂ ಅಳಿಸಿದೆ.
ಯಾರೂ ಸ್ವಾಗತ ಅನ್ನಲಿಲ್ಲ.
ಸಂಜೀಮುಂದ ಒಂದು ಸಾಲು ಬಂತು:
‘ಹೊಸಬರು ಹಿಂಬದಿ ತೋರಸ್ರಿ.’

ದೊಡ್ಡವ್ವ ಕಲಿಸುವಾಗ ಹೇಳಿದ್ದಳು:
ಗವಂತಿ ಹೊಲಿಗಿ
ಹೋಗುವಾಗ ಬಿಟ್ಟದ್ದನ್ನ ಬರುವಾಗ ತುಂಬಬೇಕು,
ಹಿಂದ ಮುಂದ ಒಂದ ಕಾಣಬೇಕು,
ಗಂಟು ಕೂಡದು.
ಒಂಬೈನೂರ ಎಂಬತ್ತು ಮಂದಿ
ಒಬ್ಬರೂ ನನ್ನ ಆನಿಯ ಹಿಂಬದಿ ಕೇಳಿರಲಿಲ್ಲ.
ಕೇಳಿದ್ದರ ತೋರಿಸತಿರಲಿಲ್ಲ ಬಿಡ್ರಿ.
ಎಡಗಾಲ ಹಿಂದ ಒಂದು ಗಂಟೈತಿ.
ಕರೆಂಟು ಹೋದ ರಾತ್ರಿ ಎಳಿ ತೀರಿತ್ತು, ನಿದ್ದಿ ಬಂದಿತ್ತು,
ಯಾರು ನೋಡತಾರ ಅಂದಿದ್ದೆ.

ಸೀರಿ ಮಗ್ಗಲ ಹಾಕಿ
ಬೆರಳ ಗಂಟಿನ ಮ್ಯಾಲೆ ಇಟ್ಟು ಫೋಟೋ ತಗದೆ.
ಆಮ್ಯಾಲೆ ಬೆರಳ ತಗದು ಇನ್ನೊಂದು.
ಎರಡನೇದು ಕಳಿಸಿದೆ.

ಹುನಗುಂದದ ರುದ್ರವ್ವನವರಿಗೆ ಟೈಪು ಬರೂದಿಲ್ಲ,
ದನಿ ಕಳಸತಾರ.
ಮೊದಲ ಕೋಳಿ, ಆಮ್ಯಾಲೆ ಕುಕ್ಕರಿನ ಸೀಟಿ,
ಆಮ್ಯಾಲೆ ಉಸಿರು.
‘ಆನಿ ಚಲೋ ಐತಿ ತಂಗಿ.
ಕಾಲಿಗ್ಯಾಕ ಸರಪಳಿ ಕಟ್ಟೀದಿ?
ಬಿಚ್ಚು.’

ಸಿಟ್ಟು ಬಂತು.
ಎದ್ದು ನೀರು ಕುಡದೆ.
ಮತ್ತ ಕೇಳಿದೆ ಆ ದನಿ, ಕೋಳಿಯಿಂದ ಹಿಡದು.
ನಗು ಬಂತು.

ಎರಡು ತಾಸು ಸೂಜಿ ಮೊನಿಯಿಂದ ಬಿಚ್ಚಿದೆ.
ಮೂರು ಕಾಲಿನ ಆನಿ ತೊಡಿ ಮ್ಯಾಲೆ,
ಕಿಡಕಿಯಾಚೆ ಸೆಕ್ಟರಿನ ದೀಪ, ಒಂದು ನಾಯಿ.
ಮುಂಜಾನೆ ಒಂದ ಶಬ್ದ ಬರದೆ: ಬಿಚ್ಚೀನಿ.

ಎಂಟು ಮಂದಿ ನೋಡಿದರು.
ಮಾಲನಬಿ ಬಸ್ಸಿನಾಗ ಇರಬೇಕು,
ರುದ್ರವ್ವನವರು ಕೋಳಿ ಬಿಡಲಿಕ್ಕೆ ಹೋಗಿರತಾರ,
ಇನ್ನೊಬ್ಬರು ಎದ್ದಿರಲಿಕ್ಕಿಲ್ಲ.
ಇಷ್ಟು ಎಣಿಸಲಿಕ್ಕೆ ಬರತೈತಿ ಇಲ್ಲೆ.