ನಲವತ್ತು ಪೈಸೆ

ಮಾದೇರಹಳ್ಳಿ ಗೇಟಿನಲ್ಲಿ ಬಸ್ಸಿಳಿದರೆ
ಎದುರಿಗೇ ಪಾಪುಲಮ್ಮ.
ಮೊರದಲ್ಲಿ ರಾಗಿ ಹೊಟ್ಟು, ಹೊಟ್ಟಿನಲ್ಲಿ
ಏಳೋ ಎಂಟೋ ನಾಟಿ ಮೊಟ್ಟೆ.
"ಗುಡ್ಲು ಕಾವಾಲಾ ಮಿಸ್ಸಮ್ಮಾ?"
ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಲೆಕ್ಕ ಹೇಳುತ್ತಾಳೆ,
ಒಂದಕ್ಕೆ ಹದಿನೈದು, ಚೌಕಾಸಿ ಇಲ್ಲ.

ಅವಳ ಕೋಳಿಗಳ ಪರಿಚಯವೂ ಇದೆ ನನಗೆ.
ಒಂದು ಕುಂಟಿ, ಒಂದು ಬೋಳುಕುತ್ತಿಗೆ.
ಪಂಚಾಯ್ತಿ ತಿಪ್ಪೆ ತಮ್ಮ ಜಹಗೀರೆಂಬಂತೆ
ಬೆಳಗಿಂದ ಬೈಗಿನವರೆಗೆ ಕೆದಕುತ್ತವೆ.
ದಿನಕ್ಕೆರಡು ಕೊಂಡು, ಕರ್ಚೀಫಿನಲ್ಲಿ ಸುತ್ತಿ
ಟಿಫನ್ ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತೇನೆ,
ಮನಸ್ಸಾಕ್ಷಿಗೂ ಚಿಪ್ಪಿದೆಯೇನೋ
ಎಂಬಷ್ಟು ಮೆಲ್ಲಗೆ.

ಶುರುವಾದದ್ದು ಫಾರಂಗೆ ಹೋದ ದಿನ.
ಶಾಲೆಯ ಮೊಟ್ಟೆ ನನ್ನ ತಲೆಮೇಲಿನ ಕೆಲಸ,
ರೇಟು ಇಳಿಸುತ್ತಾರೇನೋ ಕೇಳಲು ಹೋದವಳು.
ಶೆಡ್ಡಿನ ಬಾಗಿಲಲ್ಲೇ ಕಣ್ಣುರಿ.
ಮೂರಂತಸ್ತಿನ ತಂತಿ, ಗೂಡಿಗೆ ನಾಲ್ಕು,
ಒಬ್ಬಳು ರೆಕ್ಕೆ ಬಿಡಿಸಿದರೆ ಪಕ್ಕದವಳ ಕಣ್ಣಿಗೆ.
ಕೊಕ್ಕಿನ ತುದಿ ಸುಟ್ಟು ಮೊಂಡು.
ಕಾಲ ಕೆಳಗೆ ನೆಲವಿಲ್ಲ, ಇರುವ ತಂತಿಯೂ ಇಳಿಜಾರು:
ಇಟ್ಟದ್ದನ್ನು ತಿರುಗಿ ನೋಡುವ ಮೊದಲೇ
ಅದು ಉರುಳಿ ಆಚೆ.

ನನ್ನ ಮುಖ ನೋಡಿ ಅಶ್ವತ್ಥರೆಡ್ಡಿ ನಕ್ಕರು.
"ಕೋಳಿ ಕೇಳಿ ಮಸಾಲೆ ಅರೆಯೋಕಾಗುತ್ತಾ ಮೇಡಂ?"
ಕೆಟ್ಟ ಮನುಷ್ಯರೇನಲ್ಲ. ಮಜ್ಜಿಗೆ ಕೊಟ್ಟರು.
ಕುಡಿದೆ. ಅರವತ್ತೆರಡಕ್ಕೆ
ಆರ್ಡರು ಕೊಟ್ಟೇ ಬಂದೆ.

ಸರ್ಕಾರ ಕೊಡುವುದು ಒಂದಕ್ಕೆ ಆರು ರೂಪಾಯಿ,
ಕಾಗದದ ಪ್ರಕಾರ ಗ್ಯಾಸು, ಸಿಪ್ಪೆ ಸುಲಿದ ಕೂಲಿ
ಎಲ್ಲ ಅದರಲ್ಲೇ.
ನಾಟಿಯೇ ಕೊಡುತ್ತೇನೆಂದರೆ ಒಂಬೈನೂರ ಮೂವತ್ತು,
ಒಂದು ಮಧ್ಯಾಹ್ನಕ್ಕೆ,
ಹೋಬಳಿಯ ಕೋಳಿಗಳೆಲ್ಲ ಒಪ್ಪಿ
ಒಂದೇ ದಿನ ಮೊಟ್ಟೆ ಇಟ್ಟರೆ.

ನಾಲ್ಕನೇ ಕ್ಲಾಸಿನ ಹಸೀನಾ
ಬಿಳಿಯದನ್ನು ಮೊದಲು ಮುಗಿಸುತ್ತಾಳೆ.
ಹಳದಿಯನ್ನು ಗೋಲಿಯ ಹಾಗೆ ಕೆನ್ನೆಯೊಳಗಿಟ್ಟುಕೊಂಡು
ಭಾಗಾಕಾರ ಮಾಡುತ್ತಾಳೆ.
ಹೋದ ವರ್ಷ ಪ್ರಾರ್ಥನೆಯಲ್ಲಿ ತಲೆಸುತ್ತಿ ಬೀಳುತ್ತಿದ್ದ ಹುಡುಗಿ,
ಈಗ ಖೋ-ಖೋದಲ್ಲಿ ನನ್ನನ್ನೇ ಅಟ್ಟಿಸಿಕೊಂಡು ಬರುತ್ತಾಳೆ.
ಅವಳ ಕೆನ್ನೆಯ ಉಬ್ಬಿಗೆ
ಯಾವ ಮುಖ ಹೊತ್ತು ತಂತಿಯ ಕತೆ ಹೇಳಲಿ?
ಹೇಳದೆ ಇರುವುದಕ್ಕಾದರೂ
ಯಾವ ಮುಖ?

ಒಂದು ಸಂಜೆ ಶೆಟ್ಟರ ಅಂಗಡಿಯಲ್ಲಿ ಪಾಪುಲಮ್ಮ ಸಿಕ್ಕಿದಳು.
ನಾನು ಕೊಟ್ಟ ಮೂವತ್ತು ರೂಪಾಯಿ ಅವಳ ಮುಷ್ಟಿಯಲ್ಲಿತ್ತು.
ನಾಲ್ಕು ಫಾರಂ ಮೊಟ್ಟೆ, ಇಪ್ಪತ್ತೆಂಟು.
ಮಿಕ್ಕ ಎರಡಕ್ಕೆ ಶಾಂಪೂ.
ನಾನು ನೋಡಿದ್ದನ್ನು ನೋಡಿ ತಾನೇ ಹೇಳಿದಳು:
"ಮೂರು ಮೊಮ್ಮಕ್ಕಳವ್ವ. ಎರಡು ಗುಡ್ಡು ಹೆಂಗೆ ಹಂಚಲಿ?"
ಅದು ಹಸೀನಾಳ ಭಾಗಾಕಾರವಲ್ಲ,
ಶೇಷ ಉಳಿಸಿ ಪಕ್ಕಕ್ಕೆ ಬರೆಯಲು.

ಈ ಸೋಮವಾರ ರೇಟು ಏರಿದೆ.
ಎಲ್ಲ ಸೇರಿ ಆರು ನಲವತ್ತು.
ಆ ನಲವತ್ತು ಪೈಸೆ ಯಾರು ಕೊಡಬೇಕೆಂದು
ಯಾವ ಸುತ್ತೋಲೆಯಲ್ಲೂ ಇಲ್ಲ.
ರಿಜಿಸ್ಟರಿನಲ್ಲಿ ಹಾಜರಾತಿಗೆ ಕಾಲಂ ಇದೆ,
ಒಡೆದದ್ದಕ್ಕೆ ಇದೆ,
ಮೊಟ್ಟೆ ತಿನ್ನದವರ ಬಾಳೆಹಣ್ಣಿಗೂ ಇದೆ.
ಅರವತ್ತೆರಡು ಸಲ ನಲವತ್ತು ಪೈಸೆ:
ಇಪ್ಪತ್ತನಾಲ್ಕು ರೂಪಾಯಿ ಎಂಬತ್ತು.
ಹೆಚ್ಚೂ ಕಮ್ಮಿ ನನ್ನ ಎರಡು
ನಾಟಿ ಮೊಟ್ಟೆ.

"ಇವತ್ತು ಬ್ಯಾಡ್ವಾ ಮಿಸ್ಸಮ್ಮಾ?"
ಬೇಡ ಅಂದೆ. ಕಾರಣ ಹೇಳಲಿಲ್ಲ.
ಅವಳ ನಾಲ್ಕು ಮೊಟ್ಟೆ, ಒಂದು ಶಾಂಪೂ
ನನ್ನ ಬ್ಯಾಗಿನಲ್ಲೇ ಉಳಿದು ಭಾರವಾದವು.
"ಸರೇ" ಎಂದು ಹೊಟ್ಟು ಸರಿಸಿ
ಮೊಟ್ಟೆಗಳನ್ನು ನೆರಳಿಗೆ ಎಳೆದುಕೊಂಡಳು.

ಅಷ್ಟರಲ್ಲಿ ಬೋಳುಕುತ್ತಿಗೆ ರಸ್ತೆ ದಾಟತೊಡಗಿತು.
ಮುಳಬಾಗಿಲ ಬಸ್ಸು ಹಾರನ್ ಹೊಡೆಯಿತು,
ಬ್ರೇಕು ಹಾಕಿತು, ಬೈದುಕೊಂಡೇ ನಿಂತಿತು.
ಅದೇನೂ ಅವಸರ ಮಾಡಲಿಲ್ಲ.