ದಬ್ಬಣ

ಸೋಮವಾರ ಎಂದರೆ ನನಗೆ ಬೆರಳು ನೋವು.
ಅಗಾದೆಸ್ ಬಸ್ ನಿಲ್ದಾಣದ ಹಿಂಗೋಡೆಗೆ ಒರಗಿ
ಇಪ್ಪತ್ತೈದು ಲೀಟರಿನ ಕ್ಯಾನುಗಳಿಗೆ ಗೋಣಿ ಹೊಲಿಯುತ್ತಿದ್ದೆ.
ಒದ್ದೆ ಗೋಣಿಯೊಳಗೆ ನೀರು ಎರಡು ದಿನ ತಣ್ಣಗಿರುತ್ತದೆ,
ಮೂರನೆಯ ದಿನ ನೀರು ಅಂತ ಒಂದಿದ್ದರೆ ಸಾಕು.

ಹೊಲಿದಾದ ಮೇಲೆ ಕೇಳುತ್ತಿದ್ದೆ: ಹೆಸರು?
ಒಬ್ಬರ ನೀರು ಇನ್ನೊಬ್ಬರು ಕುಡಿಯಬಾರದಲ್ಲ.
ಕರಿ ಬಣ್ಣದಲ್ಲಿ ಬರೆಯುತ್ತಿದ್ದೆ, ತಪ್ಪೋ ಒಪ್ಪೋ.
ಒಬ್ಬ ಫುಟ್‌ಬಾಲ್ ಆಟಗಾರನ ಹೆಸರು ಬರೆಸಿದ,
ಇನ್ನೊಬ್ಬ ಅಮ್ಮನ ಫೋನ್ ನಂಬರು.

ಆಗೆಲ್ಲ ಹಗಲಲ್ಲೇ, ಸಂತೆಗೆ ಹೊರಟಂತೆ.
ಪೊಲೀಸಿನ ಸುಮಾನಾ ತಲೆ ಎಣಿಸಿ ಚೀಟಿ ಹರಿದು ಕೊಡುತ್ತಿದ್ದ,
ಸೈನ್ಯದ ಲಾರಿಗಳ ಹಿಂದೆ ನನ್ನ ಗಂಡ ಅತ್ತಾಹೆರನ ಪಿಕಪ್,
ಸಿಕ್ಕಿಸಿದ ಕೋಲುಗಳನ್ನು ತೊಡೆಸಂದಿಯಲ್ಲಿ ಹಿಡಿದು
ಮೂವತ್ತು ಜನ. ಅಂಚಿನವರ ಕಾಲು ಗಾಳಿಯಲ್ಲಿ.

ಆಮೇಲೆ ಕಾಗದ ಬಂತು.
ಸಮುದ್ರವನ್ನೇ ಕಾಣದ ಊರಿಗೆ
ಸಮುದ್ರದಾಚೆಯವರ ಭಯ ಬಂತು.
ಚಾಲಕನಾಗಿ ಮಲಗಿದವನು
ಕಳ್ಳಸಾಗಣೆಯವನಾಗಿ ಎದ್ದ.
ನಮ್ಮಲ್ಲಿ ಚಹಾದ ಮೂರನೇ ಲೋಟದವರೆಗೂ ಕೂರುತ್ತಿದ್ದ ಸುಮಾನಾ
ಕೀಲಿ ಕೇಳಿದ, ತನ್ನ ಚಪ್ಪಲಿ ನೋಡುತ್ತಾ.
ಗೋಣಿ ಹೊಲಿದ ಕ್ಯಾನೂ ಸಾಕ್ಷಿಯಂತೆ;
ಅಂಗಳದಿಂದ ಹನ್ನೊಂದು ಒಯ್ದರು.

ಬದಲಿ ಕಸುಬು ಕೊಡುತ್ತೇವೆಂದು ಕಚೇರಿಯವರು ಬಂದರು.
ಫೋಟೋ ತೆಗೆದರು, ಅರ್ಜಿ ತುಂಬಿಸಿದರು.
ಒಂದು ಹೊಲಿಗೆ ಯಂತ್ರ ಬಂತು.
ಸೂಜಿ ಬರಲಿಲ್ಲ.

ಹೋಗುವವರು ನಿಂತರೆ? ಇಲ್ಲ.
ರಾತ್ರಿ ಹೊರಟರು, ದೀಪ ಆರಿಸಿ,
ಬಾವಿಯ ಬಳಿ ಸಿಪಾಯಿಗಳಿದ್ದಾರೆಂದು
ಬಾವಿಗಳಿಂದಲೇ ದೂರ ಸರಿದು.
ಮರಳಿನಲ್ಲಿ ಬಾವಿ ತಪ್ಪಿಸುವುದೆಂದರೆ ಏನು,
ನಿಮಗೆ ಹೇಗೆ ಹೇಳಲಿ.

ಚಳಿಗಾಲದಲ್ಲಿ ಒಂಟೆ ಕಾಯುವ ಹುಡುಗ ಒಂದು ಕ್ಯಾನು ತಂದ.
ಬಾಗಿಲು ಹಾಕಿಕೊಂಡು ನಾನು ಕದ್ದು ಹೊಲಿದದ್ದು:
ಮೂಲೆಯಲ್ಲಿ ನನ್ನ ಎರಡು ಗಂಟು.
ಹೆಸರು ಕೆಬ್ಬಾ.
ಮುಚ್ಚಳ ಬಿಗಿಯಾಗಿತ್ತು. ಅಲುಗಿಸಿದೆ.
ಒಳಗೆ ಇನ್ನೂ ಒಂದಿಷ್ಟು ನೀರು ಕುಲುಕಿತು.
ನೀರು ಉಳಿಸಿಟ್ಟು ಎಲ್ಲಿಗೆ ಹೋದೆಯಪ್ಪ?

ಮೊನ್ನೆ ರೇಡಿಯೋ ಹೇಳಿತು, ಆ ಕಾನೂನು ಇನ್ನಿಲ್ಲ.
ಅವತ್ತು ಅಪರಾಧವಾಗಿದ್ದದ್ದು
ಅವತ್ತೂ ಅಪರಾಧವಲ್ಲವಂತೆ.
ಅತ್ತಾಹೆರನ ಎರಡು ವರ್ಷದ ಸೆರೆಯನ್ನು ಯಾರೋ ರಬ್ಬರಿನಿಂದ ಅಳಿಸಿದರು,
ಅಲ್ಲಿಂದ ತಂದ ಕೆಮ್ಮನ್ನು ಬಿಟ್ಟು.
ಬ್ಯಾರಕ್ಕಿನ ಅಂಗಳದಲ್ಲಿ ಪಿಕಪ್ ಇದೆ,
ಸೀಟಿನವರೆಗೂ ಮರಳು.
ಸುಮಾನಾ ಮತ್ತೆ ಚೀಟಿ ಹರಿಯುತ್ತಾನೆ. ಚಹಾಕ್ಕೆ ಬಂದಿದ್ದ,
ಮೊದಲ ಲೋಟಕ್ಕೇ ಎದ್ದು ಹೋದ.

ಮತ್ತೆ ಸೋಮವಾರ. ಗೋಡೆಯ ನೆರಳು ಅಷ್ಟೇ ಅಗಲ.
ಮೀಸೆ ಮೂಡದ ಒಬ್ಬ ಕ್ಯಾನು ಮುಂದಿಟ್ಟ,
ಹೊಲಿದೆ, ಎರಡು ಗಂಟು ಹಾಕಿದೆ.
ಹೆಸರು ಕೇಳಲು ಬಾಯಿ ಬರಲಿಲ್ಲ.
ನೀನೇ ಬರೆದುಕೋ ಎಂದು ಕುಂಚ ಕೊಟ್ಟೆ.

ಹಿಡಿದುಕೊಂಡು ನಿಂತೇ ಇದ್ದ.
ಅವನಿಗೆ ಬರೆಯಲು ಬಾರದು.