ಟೇಪಿನ ಲೆಕ್ಕ

ದಿನಕ್ಕೆ ಹನ್ನೊಂದು ಸುರುಳಿ ಬಿಳಿ ಟೇಪು
ಬೇಕಾಗುತ್ತಿತ್ತು ಆ ಐವರಿಗೆ.
ಇಪ್ಪತ್ತಾರು ವರ್ಷದಿಂದ ಈ ಮೇಜಿನ ಬದಿ ನಿಂತವನು ನಾನು,
ಎರೀ ಸರೋವರದ ಗಾಳಿ ಕಿಟಕಿ ಬಡಿಯುವ ಕೋಣೆಯಲ್ಲಿ
ಕಾಲ್ಗಿಣ್ಣು, ಮಣಿಕಟ್ಟು, ಬೆರಳು ಸುತ್ತಿ ಸುತ್ತಿ
ಮುಖಕ್ಕಿಂತ ಮೊದಲು ಕೈಯ ಗುರುತು ಹಿಡಿಯುವವನು.

ಹ್ರಿತ್ಸಾಕನ ಕಿರುಬೆರಳು ಉಳಿದ ನಾಲ್ಕಕ್ಕೆ ಬೆನ್ನು ಮಾಡಿತ್ತು,
ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟನ ಹಾಗೆ.
ಪರ್ನೆಲ್‌ನ ಹೆಬ್ಬೆರಳು ಮಡಿಸಲು ಬರುತ್ತಿರಲಿಲ್ಲ,
ಅಂಗಿಯ ಗುಂಡಿ ಹೆಂಡತಿಯೇ ಹಾಕಬೇಕು.
ಹನ್ನೊಂದು ಸೀಸನ್ನು ಒಂದೇ ಸಾಲಿನಲ್ಲಿ ಬಗ್ಗಿ ಕೂತವರು.
ಚೆಂಡು ಮುಟ್ಟಿದ್ದು ಹ್ರಿತ್ಸಾಕ್ ಒಬ್ಬನೇ,
ಅದೂ ತನ್ನ ಕಾಲಸಂದಿಯಿಂದ ಹಿಂದಕ್ಕೆ ದಾಟಿಸಲಿಕ್ಕೆ.
ಅವರ ನಂಬರು ಮೈಕಿನಲ್ಲಿ ಕೇಳುತ್ತಿದ್ದುದು
ತಪ್ಪು ಮಾಡಿದಾಗ ಮಾತ್ರ.

ಮಾರ್ಚ್ ತಿಂಗಳಲ್ಲಿ ಮಹಡಿಯಿಂದ ಒಬ್ಬೊಬ್ಬರಿಗೇ ಕರೆ.
ಹೋದ ಸಲ ನಮ್ಮ ಕ್ವಾರ್ಟರ್‌ಬ್ಯಾಕು
ಐವತ್ತೆಂಟು ಬಾರಿ ನೆಲ ಕಂಡಿದ್ದ.
ಸುಳ್ಳಲ್ಲ ಅದು, ನಾನೇ ಅವನ ಪಕ್ಕೆಲುಬಿಗೆ ಪಟ್ಟಿ ಕಟ್ಟಿದವನು.
ಎದುರಿನ ಹುಡುಗರೀಗ ಜಿಂಕೆಗಾಲಿನ ಗೂಳಿಗಳು,
ನಮ್ಮವರು ಮಗ್ಗುಲು ಬದಲಿಸುವುದರೊಳಗೆ ಒಳಗೆ ನುಗ್ಗಿರುತ್ತಾರೆ.
ಹೊಸ ಮ್ಯಾನೇಜರು ಮೆಟ್ಟಿಲಿಳಿದು ಬಂದು ಹೇಳಿದ,
"ಹೊಟ್ಟೆ ಸಾಕು. ನನಗೆ ಪಾದ ಬೇಕು."

ಜುಲೈಯಲ್ಲಿ ಪಾದಗಳು ಬಂದವು.
ಸಮೋವದ ಮೂಲದ ತವಿಟಾ, ಕ್ಯಾಲಿಫೋರ್ನಿಯಾದವನು,
ಟೇಪು ಸುತ್ತುವಾಗ ಕಣ್ಣುಮುಚ್ಚಿ ಪ್ರಾರ್ಥಿಸುವವನು.
ನೆಬ್ರಾಸ್ಕಾದ ಡಬರ್ಟ್, ಕುಸ್ತಿ ಬಿಟ್ಟು ಬಂದ ಇಪ್ಪತ್ತೆರಡರವನು.
ಮೊನ್ನೆಮೊನ್ನೆಯವರೆಗೂ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಇನ್ನೊಬ್ಬ,
ಬಾಗಿಲು ದಾಟುವಾಗ ತಲೆ ಬಗ್ಗಿಸುವುದು ಮರೆಯುತ್ತಾನೆ.
ಉಳಿದಿಬ್ಬರು ಅವಳಿಗಳಂತೆ, ಹೆಸರು ಇನ್ನೂ ತಿರುವುಮುರುವು ನನಗೆ.
ನೂರಮೂವತ್ತೆಂಟು ಕಿಲೋ ಹೊತ್ತು
ನಲವತ್ತು ಗಜ ಐದು ಸೆಕೆಂಡಿನೊಳಗೆ!
ಬೇಲಿಯೇ ಎದ್ದು ಹೊಲ ಮೇಯ್ದದ್ದು ಕೇಳಿ ಬಲ್ಲೆ,
ಬೇಲಿಯೇ ಎದ್ದು ಓಡುವುದನ್ನು ಈಗ ಕಂಡೆ.

ಬೆರಳೆಲ್ಲ ನೇರ, ಹೊಸ ಪೆನ್ಸಿಲ್ಲಿನ ಡಬ್ಬಿ.
ದಿನಕ್ಕೆ ನಾಲ್ಕು ಸುರುಳಿ ಸಾಕಾಯಿತು.
ಲೆಕ್ಕದ ಹುಡುಗಿ ನನಗೊಂದು ಕೇಕು ತಂದುಕೊಟ್ಟಳು.

ಭಾನುವಾರ ರಾತ್ರಿ ಹ್ರಿತ್ಸಾಕನ ಫೋನು.
ಈಗ ಭಾವಮೈದುನನ ಜೊತೆ ಗ್ಯಾರೇಜಿನ ಬಾಗಿಲು ಕೂರಿಸುತ್ತಾನೆ.
ಸ್ಕೋರು ಕೇಳುವುದಿಲ್ಲ.
"ಎಷ್ಟು ಸುರುಳಿ?"
"ನಾಲ್ಕು."
"ಹಾಗಾದರೆ ಸೋತಿರಿ," ಅಂದು ಇಟ್ಟುಬಿಡುತ್ತಾನೆ.

ಸೋತೆವು. ಒಬ್ಬೊಬ್ಬನೂ ಚೆಲುವಾಗಿ ಆಡಿಯೇ ಸೋತೆವು.
ಐದು ಜನ ಐದು ಗಳಿಗೆಯಲ್ಲಿ ಎದ್ದರೆ
ನಡುವೆ ಬಿಡುವ ಕಿಂಡಿಯಲ್ಲಿ ಲಾರಿ ಹೋಗುತ್ತದೆ.
ಹಳಬರು ಮೊಣಕೈ ತಾಗಿಸಿ ಮಾತಾಡುತ್ತಿದ್ದರು,
ಗಂಟಲಲ್ಲಿ ಒಂದು ಹೂಂಕಾರ, ಅಷ್ಟೇ.
ಸದ್ದಿನ ನಡುವೆ ಅದು ಯಾವ ಕ್ಯಾಮೆರಾಕ್ಕೂ ಸಿಕ್ಕಿಲ್ಲ.
ಕೋಚು ಹಲಗೆಯ ಮೇಲೆ ಬಾಣ ಬರೆದ, ಅಳಿಸಿದ, ಮತ್ತೆ ಬರೆದ.

ಅಕ್ಟೋಬರಿನಲ್ಲಿ ಐದೂವರೆ ಸುರುಳಿ.
ಊಟದ ಮೇಜಿನಲ್ಲಿ ಐವರೂ ಒಟ್ಟಿಗೇ ಕೂರತೊಡಗಿದ್ದರು,
ತವಿಟಾ ಮುಗಿಸುವವರೆಗೆ ಯಾರೂ ಫೋರ್ಕು ಎತ್ತುವುದಿಲ್ಲ.
ಮೊದಲ ಹಿಮ ಬಿದ್ದ ವಾರ, ಏಳು.

ಆ ದಿನ ಕೊನೆಯ ಹೊತ್ತಿಗೆ, ಎರಡು ಗಜ ಬೇಕಿದ್ದಾಗ,
ಸಾಲು ಒಂದೇ ಬಾಗಿಲಿನ ಹಾಗೆ ತೆರೆಯಿತು.
ಗೆದ್ದೆವೋ? ಇಲ್ಲ, ಮೂರು ಅಂಕದಿಂದ ಸೋತೆವು.
ಆದರೂ ನನ್ನ ಕತ್ತಿನ ಕೂದಲು ನಿಮಿರಿತು.

ಡಬರ್ಟ್ ಬಂದು ಮೇಜಿನ ಮೇಲೆ ಎಡಗೈ ಚಾಚಿದ.
ಕಿರುಬೆರಳು ಬೇರೆ ದಾರಿ ಹಿಡಿದಿತ್ತು.
"ನೆಟ್ಟಗಾಗುತ್ತದಲ್ಲ?"
ಹಲ್ಲಿನಲ್ಲಿ ಟೇಪು ಹರಿದೆ, ಬಾಯಿ ತುಂಬಿತ್ತು,
ಉತ್ತರ ಹೇಳುವ ಕಷ್ಟ ತಪ್ಪಿತು.

ಗೋಡೆಯ ಫೋನು ಹೊಡೆದುಕೊಳ್ಳುತ್ತಿತ್ತು.
ನನ್ನೆರಡು ಕೈಯೂ ಹುಡುಗನ ಕೈಯಲ್ಲಿತ್ತು.
ಹೊಡೆದುಕೊಳ್ಳಲಿ ಬಿಡು.